ಅರಿಶಿನದ ನಾರು

ನಾನು ಏನು ಕೆಲಸ ಮಾಡುತ್ತೇನೆ ಎಂಬುದು ನಮ್ಮ ಮನೆಯಲ್ಲಿ ಸರಿಯಾಗಿ ಅರ್ಥವಾಗಿದ್ದು ನಮ್ಮತ್ತೆಗೆ ಮಾತ್ರ. ನನ್ನ ಗಂಡ ಬ್ಯಾಂಕಿನವರು. ಯಾರಾದರೂ ಕೇಳಿದರೆ "ಅವಳು ಸೈಂಟಿಸ್ಟು" ಎಂದು ಹೇಳಿ ಬೇಗ ಕ್ರಿಕೆಟ್ಟಿನ ಕಡೆಗೆ ಮಾತು ತಿರುಗಿಸುತ್ತಿದ್ದರು. ಚಾಮರಾಜಪೇಟೆಯಲ್ಲಿದ್ದ ನನ್ನ ಅಪ್ಪನ ಪ್ರಕಾರ ನಾನು ಕರೆಂಟು ಮಾಡುವವಳು. ಹಾಗಾಗಿ ನಾನು ತವರಿಗೆ ಹೋದಾಗ ಕರೆಂಟು ಹೋದರೆ ಅವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅತ್ತೆಗೆ ಮಾತ್ರ ನನ್ನ ಕೆಲಸ ಅರ್ಥವಾಯಿತು, ಅದೂ ಮಡಿಯ ದಾರಿಯಿಂದ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ನಾನು ಬಸವನಗುಡಿಯ ಆ ಮನೆಗೆ ಬಂದು ಎರಡು ಮೂರು ವರ್ಷವಾಗಿತ್ತು. ಗಾಂಧಿಬಜಾರಿಗೆ ನಡೆದೇ ಹೋಗಬಹುದಾದ ಮನೆ. ಮುಂದೆ ಒಂದು ಜಗಲಿ, ಹಿಂದೆ ಒಗೆಯುವ ಕಲ್ಲು, ನಡುವೆ ಯಾವಾಗಲೂ ಸ್ವಲ್ಪ ಕತ್ತಲಾಗಿರುವ ಹಜಾರ. ನನ್ನ ಪ್ರಯೋಗಾಲಯ ಊರಿನ ಇನ್ನೊಂದು ತುದಿಯಲ್ಲಿತ್ತು. ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಬದಲಾಯಿಸಿ, ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವ ಉದ್ಯೋಗ.

ನಮ್ಮ ಯಂತ್ರ ಚಿಕ್ಕದು. ಉದ್ದಿನವಡೆಯ ಆಕಾರದ ಒಂದು ಉಕ್ಕಿನ ಪಾತ್ರೆ, ಅದರ ಸುತ್ತ ತಾಮ್ರದ ಸುರುಳಿಗಳು. ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಪಂಪುಗಳಿಂದ ಹೊರಗೆಳೆದು, ಒಂದು ಚೂರು ಹೈಡ್ರೋಜನ್ ಬಿಟ್ಟು, ಸುರುಳಿಗಳಲ್ಲಿ ಭಾರಿ ವಿದ್ಯುತ್ ಹರಿಸಿದರೆ ಒಳಗಿನ ಅನಿಲ ಕಾದು ಪ್ಲಾಸ್ಮಾ ಆಗುತ್ತದೆ. ಸೂರ್ಯನ ಒಡಲಲ್ಲಿ ಇರುವುದೂ ಅದೇ. ಅದು ಗೋಡೆಗೆ ತಾಕಿದರೆ ಗೋಡೆಯೂ ಕೆಡುತ್ತದೆ, ಅದೂ ಆರಿಹೋಗುತ್ತದೆ. ಆದ್ದರಿಂದ ಎಲ್ಲಿಯೂ ತಾಕದಂತೆ ಆಯಸ್ಕಾಂತದ ಬಲದಿಂದ ನಡುವೆಯೇ ಹಿಡಿದಿಡಬೇಕು. ಹಿಡಿದೆವು ಎನ್ನುವಷ್ಟರಲ್ಲಿ ಅದು ಮುಗಿದಿರುತ್ತಿತ್ತು, ರೆಪ್ಪೆ ಬಡಿಯುವುದಕ್ಕಿಂತ ಬೇಗ. ಎಂದಾದರೂ ಒಂದು ದಿನ ಇದರಿಂದ ಊರಿಗೆಲ್ಲ ವಿದ್ಯುತ್ ಕೊಡುವುದು ಬೇರೆ ದೇಶಗಳ ದೊಡ್ಡ ಯಂತ್ರಗಳ ಕನಸು. ನಮ್ಮದು ಪ್ಲಾಸ್ಮಾ ಯಾಕೆ ಹೀಗೆ ಕೈಕೊಡುತ್ತದೆ ಎಂದು ತಿಳಿಯಲು ಕಟ್ಟಿದ ಯಂತ್ರ, ಮತ್ತು ಕೈಕೊಡುವುದನ್ನು ಅದು ಬಹಳ ಚೆನ್ನಾಗಿ ಮಾಡಿ ತೋರಿಸುತ್ತಿತ್ತು.

ಇದನ್ನೆಲ್ಲ ಒಂದು ಭಾನುವಾರ ಅತ್ತೆಗೆ ವಿವರಿಸಿದೆ. ಅವರು ಹಜಾರದಲ್ಲಿ ಕಾಲು ಚಾಚಿ ಹೂ ಕಟ್ಟುತ್ತಿದ್ದರು. ಸೂರ್ಯ, ಆಯಸ್ಕಾಂತ ಯಾವುದೂ ಅವರಿಗೆ ನಾಟಲಿಲ್ಲ. ಸುಮ್ಮನೆ "ಹೂಂ, ಹೂಂ" ಅನ್ನುತ್ತಿದ್ದರು. ಆದರೆ ಪಾತ್ರೆಯ ಒಳಭಾಗವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಎಣ್ಣೆ ಅಂಟಿದರೂ ಒಳಗಿನ ಶುದ್ಧಿ ಹೋಗುತ್ತದೆ, ಒಂದು ಸಲ ಬಾಗಿಲು ತೆರೆದು ಹೊರಗಿನ ಗಾಳಿ ಹೊಕ್ಕರೆ ಮತ್ತೆ ದಿನಗಟ್ಟಲೆ ಬಿಸಿ ಮಾಡಿ ತೊಳೆಯಬೇಕು ಎಂದಾಗ ಅವರ ಕೈ ನಿಂತಿತು.

"ಅಂದ್ರೆ ಮಡಿ ಅನ್ನು."

"ಒಂಥರಾ ಹಾಗೇ ಅತ್ತೆ."

"ಒಂಥರಾ ಏನ್ ಬಂತು, ಮಡೀನೇ. ಮುಟ್ಟಿದ್ರೆ ಮೈಲಿಗೆ, ಮೈಲಿಗೆ ಆದ್ರೆ ಮತ್ತೆ ಸ್ನಾನ. ಅಲ್ಲಿ ಗಂಡಸ್ರು ಇದನ್ನೆಲ್ಲ ಸರಿಯಾಗಿ ಮಾಡ್ತಾರೇನೇ?"

"ಇಲ್ಲ" ಎಂದೆ. ಸುಳ್ಳಲ್ಲ. ಕೈಗವಸು ಹಾಕಿಕೊಂಡು ಮೂಗು ಕೆರೆದುಕೊಳ್ಳುವ ಸಹೋದ್ಯೋಗಿಗಳು ನನಗಿದ್ದರು. ಅಂದಿನಿಂದ ಅತ್ತೆ ನನ್ನ ಕೆಲಸವನ್ನು ಗೌರವದಿಂದ ಕಾಣತೊಡಗಿದರು. ಸಂಜೆ ಮನೆಗೆ ಬಂದರೆ "ಇವತ್ತು ಯಾರಾದ್ರೂ ಮುಟ್ಟಿ ಕೆಡಿಸಿದ್ರಾ?" ಎಂದು ವಿಚಾರಿಸುತ್ತಿದ್ದರು.

ಅತ್ತೆಯ ಮಡಿಯ ಬಗ್ಗೆಯೂ ಹೇಳಬೇಕು. ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ಗಳದ ಮೇಲೆ ಒಣಗಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆ ಆಮೇಲೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ನಾನು ಹೊರಡುವ ಹೊತ್ತಿಗೆ ಅವರ ಪೂಜೆ, ಅಡುಗೆ ಎರಡೂ ನಡೆಯುತ್ತಿರುತ್ತಿದ್ದವು. ಕಾಫಿ ಲೋಟವನ್ನು ಕಟ್ಟೆಯ ಮೇಲೆ ಇಟ್ಟು ಹಿಂದಕ್ಕೆ ಸರಿದು ನಿಲ್ಲುವರು, ನಾನು ಮುಂದೆ ಬಂದು ಎತ್ತಿಕೊಳ್ಳಬೇಕು. ಡಬ್ಬಿಯೂ ಹಾಗೆಯೇ. ಸಂಜೆ ನಾನು ಬಸ್ಸಿನ ಜನರ ನಡುವೆ ನುಗ್ಗಿ ಬಂದವಳು, ಆಗಲೂ ದೂರವೇ. ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ, ಅವರು ನನಗೆ ಯಾವುದಕ್ಕೂ ಕಡಿಮೆ ಮಾಡಿದವರೂ ಅಲ್ಲ. ಆದರೂ ನನಗೆ ಒಳಗೊಳಗೇ ಬೇಸರವಿತ್ತು. ನನ್ನ ತಾಯಿ ನಾನು ಓದುತ್ತಿದ್ದಾಗಲೇ ಹೋಗಿದ್ದರು. ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಒಂದು ಹೆಣ್ಣಿನ ಕೈ ಮನೆಯಲ್ಲಿದ್ದೂ ಇಲ್ಲದ ಹಾಗಿತ್ತು.

ಅತ್ತೆಯ ನಿಜವಾದ ವಿದ್ಯೆ ಹೂ ಕಟ್ಟುವುದು. ಗಾಂಧಿಬಜಾರಿನ ಹೂವಿನವರು ದಾರದಲ್ಲಿ ಕಟ್ಟಿ ಮೊಳ ಹಾಕಿ ಕೊಡುವ ಹೂವು ಅವರಿಗೆ ಸರಿಹೋಗುತ್ತಿರಲಿಲ್ಲ. ಬಿಡಿ ಹೂವು ತರಿಸುವರು. ತ್ಯಾಗರಾಜನಗರದ ಅವರ ತಂಗಿಯ ಹಿತ್ತಲಿನಿಂದ ಬಾಳೆಯ ಪಟ್ಟೆ ಬರುತ್ತಿತ್ತು. ಅದನ್ನು ಒಣಗಿಸಿ, ಎಳೆಎಳೆಯಾಗಿ ಸೀಳಿ, ಅರಿಶಿನದ ನೀರಲ್ಲಿ ಅದ್ದಿ ತೆಗೆದ ಹಳದಿ ನಾರಿನಲ್ಲೇ ಅವರು ಕಟ್ಟುವುದು. ಬೀದಿಯಲ್ಲಿ ಯಾರ ಮನೆಯ ಶುಭಕಾರ್ಯಕ್ಕೂ ಅವರ ಮಾಲೆ ಹೋಗುತ್ತಿತ್ತು. ಅವರು ಮಾತ್ರ ಹೋಗುತ್ತಿರಲಿಲ್ಲ. ಹೋದರೂ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತು ಬರುತ್ತಿದ್ದರು. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ವಿಧವೆ ಎದುರಿಗೆ ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವರೇ ಎಲ್ಲರಿಗಿಂತ ಮೊದಲು ಹಿಂದೆ ಸರಿದು ನಿಲ್ಲುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆಯುಧಪೂಜೆಯ ದಿನ ನಮ್ಮ ಪ್ರಯೋಗಾಲಯಕ್ಕೆ ಮನೆಯವರನ್ನು ಕರೆದುಕೊಂಡು ಹೋಗುವ ಪದ್ಧತಿ. ವರ್ಷವಿಡೀ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಯಂತ್ರದ ಹಾಲಿಗೆ ಅಂದು ಮಕ್ಕಳು ಮರಿ ಎಲ್ಲ ನುಗ್ಗುತ್ತಿದ್ದರು. ಲೇತಿಗೆ, ಪಂಪಿಗೆ, ಸ್ಪ್ಯಾನರಿಗೆ ಕುಂಕುಮ; ಗೇಟಿನ ಮುಂದೆ ಒಡೆದ ಬೂದುಗುಂಬಳ; ಎಲ್ಲರ ಕೈಯಲ್ಲೂ ಕಡಲೆಪುರಿಯ ಪೊಟ್ಟಣ. ಆ ವರ್ಷ ನಾನು ಅತ್ತೆಯನ್ನು ಎಳೆದುಕೊಂಡು ಹೋದೆ. ಬೇಡ ಬೇಡ ಎನ್ನುತ್ತಲೇ ಹಿಂದಿನ ದಿನ ಸೇವಂತಿಗೆಯ ದೊಡ್ಡ ಮಾಲೆ ಕಟ್ಟಿದ್ದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದರು.

ಹಾಲಿನಲ್ಲಿ ಅವರು ಯಂತ್ರದ ಸುತ್ತ ಒಂದು ಸುತ್ತು ಬಂದು ನಿಂತರು.

"ಇದಕ್ಕೆ ಮುಖ ಯಾವ್ದೇ?"

ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪ್ರತಿವರ್ಷ ಸಿಕ್ಕಿದ ಕಡೆ ಕುಂಕುಮ ಹಚ್ಚಿ ಮುಗಿಸುತ್ತಿದ್ದೆವು. ನಮ್ಮ ಮುಖ್ಯಸ್ಥರು ಬಹಳ ವಿನಯದಿಂದ, "ಇದು ರೌಂಡು ಅಮ್ಮ. ಎಲ್ಲಾ ಕಡೆನೂ ಒಂದೇ" ಎಂದರು.

"ಮುಖಾನೇ ಇಲ್ದೆ ಪೂಜೆ ಹೇಗ್ ಮಾಡ್ತೀರಿ?" ಎಂದರು ಅತ್ತೆ.

ನನಗೆ ನಗು ಬಂತು. ಆ ದಿನಗಳಲ್ಲಿ ಯಂತ್ರವನ್ನು ತೆರೆದಿದ್ದೆವು. ಪ್ಲಾಸ್ಮಾದ ಬೆಳಕನ್ನು ನೋಡುವುದಕ್ಕೆಂದು ನಾನು ಒಂದು ಹೊಸ ಗಾಜಿನ ಕಿಟಕಿ ಮಾಡಿಸಿದ್ದೆ. ಗಾಜು ಇನ್ನೂ ಕೂರಿಸಿರಲಿಲ್ಲ, ಅದು ಬರಬೇಕಾದ ದುಂಡು ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿತ್ತು. ಅದನ್ನೇ ತೋರಿಸಿ, "ಇದೇ ಮುಖ ಅತ್ತೆ. ನಾನು ಇದರ ಒಳಗೇ ಇಣುಕಿ ನೋಡೋದು" ಎಂದೆ. ನಮ್ಮ ಹಿರಿಯ ಟೆಕ್ನಿಷಿಯನ್ ಮಾಲೆಗೆ ಕೈ ಚಾಚಿದರು. ಅತ್ತೆ ಕೊಡಲು ಹೋದರು. ನಾನು ತಡೆದೆ.

"ನೀವೇ ಹಾಕಿ."

"ನಾನಾ? ಬೇಡ ಕಣೇ. ಯಾರಾದ್ರೂ ಮುತ್ತೈದೆಯರು ಹಾಕ್ಲಿ."

"ನನ್ನ ಕಿಟಕಿಗೆ ನಮ್ಮನೆಯವರೇ ಹಾಕ್ಬೇಕು. ನೀವು ಹಾಕದೆ ಇದ್ರೆ ಈ ಸಲ ಮಾಲೇನೇ ಬೇಡ."

ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಹಾಲೆಲ್ಲ ನಮ್ಮ ಕಡೆ ತಿರುಗಿತು. ಅತ್ತೆಯ ಮುಖ ಕೆಂಪಾಯಿತು. ಆಮೇಲೆ ಅವರು ಸೆರಗನ್ನು ಸರಿಯಾಗಿ ಹೊದ್ದುಕೊಂಡು, ಮುಂದೆ ಬಂದು, ಆ ದುಂಡು ಬಾಯಿಯ ಸುತ್ತ ಮಾಲೆ ಹಾಕಿದರು. ಮರುದಿನ ಬಟ್ಟೆ ಒಣಗಹಾಕುತ್ತಾ ಕಾಂಪೌಂಡಿನ ಆಚೆಯ ಮನೆಯಾಕೆಗೆ, "ಎಲ್ರೆದ್ರಿಗೂ ನನ್ನ ಕೈಲೇ ಹಾಕ್ಸಿದ್ಳು ರೀ" ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮಾವನವರು ಹೋದ ಮೇಲೆ ನಾಲ್ಕು ಜನರ ಎದುರು ಅವರು ಮುಂದೆ ನಿಂತು ಮಾಡಿದ ಮೊದಲ ಮಂಗಳಕಾರ್ಯ ಅದು.

ಹಬ್ಬ ಮುಗಿದ ಮೇಲೆ ಹೂವು ತೆಗೆದು, ಸ್ಪಿರಿಟ್ಟಿನಿಂದ ಒರೆಸಿ, ನನ್ನ ಕಿಟಕಿಗೆ ಗಾಜು ಕೂರಿಸಿದೆವು. ಗಾಜಿಗೂ ಉಕ್ಕಿಗೂ ನಡುವೆ ಒಂದು ರಬ್ಬರಿನ ಬಳೆ ಇರುತ್ತದೆ, ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ. ಅದನ್ನು ಒತ್ತಿ ಬೋಲ್ಟು ಬಿಗಿದರೆ ಗಾಳಿ ಒಳಗೆ ಬರುವುದಿಲ್ಲ. ಪಂಪು ಹಾಕಿದೆವು. ಮೊದಲ ದಿನ ಎಲ್ಲ ಸರಿಯಿತ್ತು. ಪಾತ್ರೆಯನ್ನು ಬಿಸಿ ಮಾಡಿ ಆರಿಸಿದ ಮೇಲೆ ಶುರುವಾಯಿತು ಕಾಟ. ಎಲ್ಲಿಂದಲೋ ಸಣ್ಣಗೆ ಗಾಳಿ ಸೋರುತ್ತಿತ್ತು. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ, ಒಂದು ದಿನ ಏನೂ ಇಲ್ಲದ ಹಾಗೆ. ಪ್ಲಾಸ್ಮಾ ಹುಟ್ಟಿದ ತಕ್ಷಣ ಸಾಯುತ್ತಿತ್ತು. ಹೈಡ್ರೋಜನ್ನಿನ ತಿಳಿ ಗುಲಾಬಿ ಬೆಳಕು ಇರಬೇಕಾದ ಕಡೆ ಏನೋ ರಾಡಿಯಾದ ಬಣ್ಣ.

ಇದು ಬರಿಯ ತಲೆನೋವಾಗಿದ್ದರೆ ಪರವಾಗಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹೊರಗಿನವರ ಒಂದು ಸಮಿತಿ ಬಂದು ನಮ್ಮ ಯಂತ್ರವನ್ನು ನೋಡುವುದಿತ್ತು. ತೋರಿಸಲು ಒಂದು ಒಳ್ಳೆಯ ಪ್ಲಾಸ್ಮಾ ಇಲ್ಲದಿದ್ದರೆ ಯಂತ್ರವನ್ನು ಬಿಚ್ಚಿ ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ ಎಂದು ಮುಖ್ಯಸ್ಥರು ಹೇಳಿದ್ದರು. ಆ ಪಾತ್ರೆಯ ಒಂದೊಂದು ಬೋಲ್ಟೂ ನನಗೆ ಪರಿಚಯ. ಬಿಚ್ಚುವ ಮಾತು ಕೇಳಿದ ಮೇಲೆ ನಾನು ಭಾನುವಾರವೂ ಪ್ರಯೋಗಾಲಯಕ್ಕೆ ಹೋಗತೊಡಗಿದೆ.

ಮನೆಯಲ್ಲಿ ಅತ್ತೆ ದಿನಾ ಕೇಳುವರು.

"ಸಿಕ್ತೇನೇ?"

"ಇಲ್ಲ ಅತ್ತೆ."

"ಎಲ್ಲಾ ಕಡೆ ನೋಡಿದ್ರಾ?"

"ನೋಡ್ತಿದೀವಿ."

ನಾವು ಮಾಡುತ್ತಿದ್ದುದು ಏನೆಂದರೆ, ಒಂದೊಂದು ಜೋಡಣೆಗೂ ಸ್ಪಿರಿಟ್ಟು ಸವರಿ ಒತ್ತಡದ ಮುಳ್ಳು ಅಲುಗುತ್ತದೋ ಎಂದು ಕಾಯುವುದು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾನಲ್ಲ, ಅದರ ತಿರುಗುಮುರುಗು. ಅತ್ತೆ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆ ಹೊತ್ತರು. ಗಣಪತಿಗೆ ನಮ್ಮ ಯಂತ್ರದ ತೂತು ಎಲ್ಲಿದೆ ಎಂದು ಹೇಗೆ ವಿವರಿಸಿದರೋ ಕಾಣೆ.

ದೀಪಾವಳಿ ಕಳೆಯಿತು. ಅತ್ತೆಯ ಪ್ರಶ್ನೆ ಕಡಿಮೆಯಾಗುತ್ತಾ ಬಂತು. ಕಡಲೆಕಾಯಿ ಪರಿಷೆಯ ಹಿಂದಿನ ದಿನ, ಬೀದಿ ತುಂಬ ಆಗಲೇ ಕಾಯಿಯ ರಾಶಿಗಳು ಬಂದು ಬಿದ್ದಿದ್ದವು, ನಾನು ಚಪ್ಪಲಿ ಬಿಡುತ್ತಿದ್ದಾಗ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಬೇರೆ ಕಡೆ ನೋಡುತ್ತಾ ಕೇಳಿದರು.

"ನಾನು ಬಂದ್ ಮೇಲೇ ಅಲ್ವೇನೇ ಇದು ಶುರುವಾಗಿದ್ದು?"

"ಏನು?"

"ನಿಮ್ಮ ಲೀಕು. ಹೂವು ಹಾಕ್ದೋಳು ಸರಿಯಿರ್ಲಿಲ್ಲ ಅಂತ ಅಲ್ಲಿ ಯಾರಾದ್ರೂ ಅಂದ್ರಾ?"

ನನಗೆ ಎಲ್ಲಿಲ್ಲದ ಕೋಪ ಬಂತು. "ಹಾಗಂದೋರ ಬಾಯಿಗೆ ನಾನೇ ನಟ್ಟು ಬೋಲ್ಟು ಹಾಕ್ತೀನಿ. ಯಾರೂ ಏನೂ ಅಂದಿಲ್ಲ. ಮೆಷಿನ್ನು ಅಂದ್ಮೇಲೆ ಲೀಕ್ ಆಗತ್ತೆ. ನೀವು ಹೀಗೆಲ್ಲ ಯೋಚ್ನೆ ಮಾಡ್ಬೇಡಿ" ಎಂದು ರೇಗಿದೆ. ಅವರು "ಆಯ್ತು ಬಿಡು, ಕಿರುಚ್ಬೇಡ" ಎಂದು ಒಳಗೆ ಹೋದರು. ಅಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು.

ಪರಿಷೆ ಮುಗಿದ ವಾರದಲ್ಲಿ ನಮಗೆ ಇನ್ನೊಂದು ಸಂಸ್ಥೆಯಿಂದ ಸೋರಿಕೆ ಹುಡುಕುವ ಉಪಕರಣ ಎರವಲು ಸಿಕ್ಕಿತು. ಸಣ್ಣ ಕೊಳವೆಯಿಂದ ಹೊರಗಡೆ ಹೀಲಿಯಂ ಊದುತ್ತಾ ಹೋಗಬೇಕು. ಅದು ಎಲ್ಲಿ ಒಳಗೆ ನುಸುಳುತ್ತದೋ ಅಲ್ಲಿ ಉಪಕರಣ ಕೂಗುತ್ತದೆ. ನಮ್ಮ ಟೆಕ್ನಿಷಿಯನ್ ಕೊಳವೆ ಹಿಡಿದರು, ನಾನು ಉಪಕರಣದ ಮುಂದೆ ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ತುಟಿಪಿಟಕ್ಕೆನ್ನಲಿಲ್ಲ. ನನ್ನ ಕಿಟಕಿಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಅದು ಹೊಸದು, ಅದರ ಮುಂದೆ ನಾನು ವಾರಗಟ್ಟಲೆ ಕೂತು ಹೊಂದಿಸಿದ್ದ ಕನ್ನಡಿ, ಲೆನ್ಸುಗಳ ಸಾಲಿತ್ತು, ಅದನ್ನು ಅಲುಗಿಸಲು ನಾನು ಯಾರಿಗೂ ಬಿಟ್ಟಿರಲಿಲ್ಲ. ಅಂದು ಬೇರೆ ದಾರಿಯಿರಲಿಲ್ಲ. ಸಾಲನ್ನು ಪಕ್ಕಕ್ಕೆ ಸರಿಸಿ ಅವರು ಕೊಳವೆಯನ್ನು ಕಿಟಕಿಯ ಅಂಚಿಗೆ ತಂದರೋ ಇಲ್ಲವೋ, ಉಪಕರಣ ಕಿಟಾರನೆ ಕಿರುಚಿಕೊಂಡಿತು.

ಪಂಪು ನಿಲ್ಲಿಸಿ, ಕಿಟಕಿ ಬಿಚ್ಚಿ, ರಬ್ಬರಿನ ಬಳೆಯನ್ನು ಎತ್ತಿ ಟಾರ್ಚು ಹಾಕಿ ನೋಡಿದೆವು. ಬಳೆ ಕೂರುವ ತೋಡಿನಲ್ಲಿ ಅಡ್ಡಲಾಗಿ ಒಂದು ಎಳೆ. ಒಣಗಿದ ನಾರು. ಹಳದಿ ಬಣ್ಣ.

ನಾನು ಚಿಮಟದಲ್ಲಿ ಅದನ್ನು ಎತ್ತಿದೆ. ಟೆಕ್ನಿಷಿಯನ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವರು ಆ ದಿನ ಮಾಲೆಗೆ ಕೈ ಚಾಚಿದ್ದವರೇ.

"ಮೇಡಂ, ಇದು ಹೂವಿನ ನಾರಲ್ವಾ?"

"ಹೌದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಂಗೆ ಹೇಳ್ಬೇಡಿ" ಎಂದರು.

ನಮ್ಮ ಹಾಲಿನಲ್ಲಿ ಹಾಳಾದದ್ದನ್ನು ಎಸೆಯುವ ಅಭ್ಯಾಸವಿಲ್ಲ. ಸುಟ್ಟ ತಂತಿ, ಹರಿದ ಬಳೆ, ಎಲ್ಲವನ್ನೂ ಒಂದು ಕಪಾಟಿನಲ್ಲಿ ಇಡುತ್ತಿದ್ದೆವು. ಆದರೆ ಈ ನಾರನ್ನು ಅಲ್ಲಿ ಇಟ್ಟರೆ ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ, ನಗುತ್ತಾರೆ. ಪುಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಊಟದ ಚೀಲದ ಪಕ್ಕದ ಜೇಬಿಗೆ ತುರುಕಿದೆ. ಹೊಸ ಬಳೆ ಹಾಕಿ ಪಂಪು ಹಚ್ಚಿದಾಗ ಮುಳ್ಳು ಇಳಿಯುತ್ತಲೇ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯ ಜೊತೆಗೇ ಒಂದು ಭಯ ಹತ್ತಿಕೊಂಡಿತ್ತು. ಮನೆಗೆ ಹೋದರೆ ಅತ್ತೆ ಕೇಳುತ್ತಾರೆ. ನಾರು ನಾರಷ್ಟೇ ಎಂದು ಹೇಳಿದರೆ ಅವರು ಒಪ್ಪುವುದಿಲ್ಲ. ತಾನು ಅಂದುಕೊಂಡದ್ದೇ ನಿಜ, ತಾನು ಮುಂದೆ ನಿಂತದ್ದೇ ತಪ್ಪು ಎಂದು ತೀರ್ಮಾನಿಸಿ, ಇನ್ನು ಜನ್ಮದಲ್ಲಿ ಬಾಗಿಲಿನ ಹಿಂದಿನಿಂದ ಹೊರಗೆ ಬರುವುದಿಲ್ಲ. ಅವರನ್ನು ಅಷ್ಟು ಜನರ ಎದುರು ಹಟ ಮಾಡಿ ಮುಂದೆ ತಂದವಳು ನಾನು.

ಮನೆಗೆ ಬಂದಾಗ ಅವರು ಹೊಸ್ತಿಲ ಮೇಲೆಯೇ ಇದ್ದರು. ನನ್ನ ಮುಖ ನೋಡಿಯೇ ಗೊತ್ತಾಯಿತು.

"ಸಿಕ್ತಾ?"

"ಸಿಕ್ತು ಅತ್ತೆ."

"ಏನಿತ್ತೇ?"

ನಾನು ಚೀಲವನ್ನು ಸಿಂಕಿನ ಹತ್ತಿರ ಇಟ್ಟು, ತಲೆ ಬಗ್ಗಿಸಿಕೊಂಡು, "ಕೂದಲು. ನನ್ನದೇ ಕೂದಲು. ಗಾಜು ಕೂರ್ಸೋವಾಗ ಬಿದ್ದಿದೆ" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಆಗ ನನಗೆ ಸೊಂಟದವರೆಗೆ ಬರುವ ಕೂದಲಿತ್ತು, ಅದನ್ನು ಬೆಳಗಿನ ಗಡಿಬಿಡಿಯಲ್ಲಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಓಡುತ್ತಿದ್ದೆ. ಸುಳ್ಳಿಗೆ ಅಷ್ಟು ಆಧಾರ ಸಾಕಾಯಿತು. "ಸದ್ಯ, ಸಿಕ್ತಲ್ಲ" ಎಂದು ಅವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ತಲೆನೋವು ಎಂದು ಹೇಳಿ ಅಂದು ಊಟ ಮಾಡದೆ ಮಲಗಿದರು.

ಮರುದಿನ ನಾನು ಎದ್ದು ಬಂದಾಗ ಒಂದು ವಿಚಿತ್ರ ಕಂಡೆ. ಅತ್ತೆ ಇನ್ನೂ ಸ್ನಾನ ಮಾಡಿರಲಿಲ್ಲ. ಹಜಾರದ ಕಂಬಕ್ಕೆ ಒರಗಿ ಬಾಚಣಿಗೆ ಹಿಡಿದು ಕೂತಿದ್ದರು.

"ಬಾ ಇಲ್ಲಿ. ಕೂತ್ಕೋ."

"ಏನತ್ತೆ?"

"ಜಡೆ ಹಾಕ್ತೀನಿ. ಬಿಗಿಯಾಗಿ. ಒಂದೆಳೆ ಆಚೆ ಬರ್ಬಾರ್ದು."

"ನಿಮ್ಮ ಮಡಿ?"

"ನಿಂಗೆ ಹಾಕಿ ಆಮೇಲೆ ಸ್ನಾನ ಮಾಡ್ತೀನಿ. ಎಣ್ಣೆ ಹಚ್ಚಲ್ಲ, ಹೆದರ್ಬೇಡ. ಎಣ್ಣೆ ಆಗಲ್ಲ ಅಲ್ವಾ ಅದಕ್ಕೆ."

ನಾನು ಅವರ ಮುಂದೆ ಬೆನ್ನು ಮಾಡಿ ಕೂತೆ. ಅವರ ಬೆರಳು ನನ್ನ ನೆತ್ತಿಗೆ ತಾಗಿತು. ನಾನು ಮದುವೆಯಾಗಿ ಬಂದ ಮೇಲೆ ಆ ಕೈ ನನ್ನ ತಲೆಯನ್ನು ಮುಟ್ಟಿದ್ದು ಅದೇ ಮೊದಲು. ಎಣ್ಣೆಯಿಲ್ಲದ ಕೂದಲು, ಸಿಕ್ಕು ಬಿಡಿಸುವಾಗ ಪ್ರಾಣ ಹೋಗುತ್ತಿತ್ತು, ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದು ಅವರು ಅಂದುಕೊಳ್ಳಲಿ ಎಂದು ಎರಡು ಸಲ "ಅಯ್ಯೋ" ಅಂದೆ.

ಅಲ್ಲಿಂದ ಮುಂದೆ ಅದು ದಿನದ ಪದ್ಧತಿಯಾಯಿತು. ಅವರ ಸ್ನಾನ, ಪೂಜೆ, ಅಡುಗೆ ಎಲ್ಲವೂ ನನ್ನ ಜಡೆಯ ಲೆಕ್ಕದಲ್ಲಿ ಮುಂದಕ್ಕೆ ಹೋದವು. ಮಡಿಯಲ್ಲಿ ಒಂದು ನಿಮಿಷ ಹೆಚ್ಚುಕಡಿಮೆ ಮಾಡದ ಹೆಂಗಸು, ದೇವರನ್ನು ಕಾಯಿಸಿದರು. ಜಡೆ ಹಾಕುತ್ತಾ ಹಾಕುತ್ತಾ ಮಾತು ಶುರುವಾಯಿತು. ಮಾವನವರು ಇದ್ದಾಗ ಹನುಮಂತನಗರದ ಗುಡ್ಡದವರೆಗೆ ಇಬ್ಬರೂ ಸಂಜೆ ನಡೆದುಹೋಗುತ್ತಿದ್ದುದು, ಅವರು ಕೊಡಿಸಿದ ಮಲ್ಲಿಗೆಯನ್ನು ದಾರಿಯಲ್ಲೇ ಮುಡಿಯಲು ನಾಚಿಕೆಯಾಗಿ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದುದು, ಇವೆಲ್ಲ ನನ್ನ ಬೆನ್ನಿಗೆ ಹೇಳಿದ ಕಥೆಗಳು. ಎದುರಿಗೆ ಕೂತಿದ್ದರೆ ಹೇಳುತ್ತಿರಲಿಲ್ಲ. ಬಹಳ ವರ್ಷಗಳ ನಂತರ ಅತ್ತೆ ತೀರಿಕೊಂಡ ಮೇಲೆ ನಾನು ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡೆ. ಜನ ಫ್ಯಾಶನ್ ಅಂದರು. ನನಗೆ ಆ ಉದ್ದದ ಕೂದಲನ್ನು ನಾನೇ ಹೆಣೆದುಕೊಳ್ಳಲು ಆಗಲಿಲ್ಲ.

ಸಮಿತಿಯವರು ಬಂದರು. ನನ್ನ ಕಿಟಕಿಯೊಳಗೆ ತಿಳಿ ಗುಲಾಬಿ ಬೆಳಕು ಒಮ್ಮೆ ಮಿಂಚಿ ಹೋಯಿತು, ಮತ್ತೊಮ್ಮೆ, ಮತ್ತೊಮ್ಮೆ. ಅವರು ತಲೆಯಾಡಿಸಿದರು, ಉಪ್ಪಿಟ್ಟು ತಿಂದರು, ಯಂತ್ರ ಉಳಿಯಿತು. ಗಣಪತಿಗೆ ಬೆಣ್ಣೆ ಅಲಂಕಾರವೂ ಆಯಿತು. ಆ ಪ್ಲಾಸ್ಟಿಕ್ ಕವರು ಮಾತ್ರ ನಾರು ಸಿಕ್ಕಿದ ಮಾರನೆಯ ದಿನವೇ ಚೀಲದಲ್ಲಿ ಇರಲಿಲ್ಲ. ಡಬ್ಬಿ ತೊಳೆಯುವಾಗ ಎಲ್ಲೋ ಕಸಕ್ಕೆ ಹೋಗಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡು ಮರೆತುಬಿಟ್ಟೆ.

ಮುಂದಿನ ವರ್ಷದ ಆಯುಧಪೂಜೆ ಬಂತು. ಈ ಸಲ ನಾನು ಎಳೆಯಬೇಕಾಗಲಿಲ್ಲ, ಅತ್ತೆಯೇ ಬೇಗ ಸೀರೆ ಉಟ್ಟು ತಯಾರಾಗಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ. ಹಾಲಿನಲ್ಲಿ ಟೆಕ್ನಿಷಿಯನ್, "ಬನ್ನಿ ಅಮ್ಮ, ನಿಮಗೇ ಕಾಯ್ತಿದ್ವಿ" ಎಂದು ದಾರಿ ಬಿಟ್ಟರು. ಅತ್ತೆ ಯಾರ ಮುಖವನ್ನೂ ನೋಡದೆ ನೇರ ಯಂತ್ರದ ಹತ್ತಿರ ಹೋಗಿ ಬಟ್ಟೆ ತೆಗೆದರು. ತಟ್ಟೆಯ ತುಂಬ ಸೇವಂತಿಗೆ. ಬಿಡಿ ಹೂವು. ಒಂದನ್ನೂ ಕಟ್ಟಿರಲಿಲ್ಲ.

"ಮಾಲೆ?" ಎಂದೆ.

"ಈ ಸಲ ಕಟ್ಟಿಲ್ಲ. ಮುಖದ ಹತ್ರ ಬೇಡ. ಕಾಲಿಗೆ ಹಾಕ್ತೀನಿ" ಎಂದು ಅವರು ಬಗ್ಗಿ, ಯಂತ್ರ ನಿಂತಿದ್ದ ಉಕ್ಕಿನ ಕಾಲುಗಳ ಬುಡಕ್ಕೆ ಹೂವನ್ನು ಹಿಡಿಹಿಡಿಯಾಗಿ ಇಟ್ಟರು. ಟೆಕ್ನಿಷಿಯನ್ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ಅವರು ಹೇಳಿರಲಿಲ್ಲ.

ವಾಪಸು ಬರುವಾಗ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಇಬ್ಬರಿಗೂ ಸೀಟು ಸಿಕ್ಕಿದ ಮೇಲೆ ಕೇಳಿದೆ.

"ಯಾವಾಗ ಗೊತ್ತಾಯ್ತು ಅತ್ತೆ?"

"ಅವತ್ತೇ. ಚೀಲದಿಂದ ಡಬ್ಬಿ ತೆಗೆಯೋವಾಗ ಸಿಕ್ತು. ನನ್ನ ನಾರು ನಂಗೆ ಗೊತ್ತಾಗಲ್ವೇನೇ?"

"ಬೇಜಾರಾಯ್ತಾ?"

"ಆಯ್ತು. ಊಟ ಸೇರ್ಲಿಲ್ಲ. ನಾನು ಹೋಗ್ಬಾರ್ದಿತ್ತು, ನನ್ನಿಂದ್ಲೇ ಆಯ್ತು ಅಂತ ಮಲಗ್ದೆ. ನಿದ್ದೆ ಬರ್ಲಿಲ್ಲ. ಆಮೇಲೆ ಯೋಚ್ನೆ ಮಾಡ್ದೆ. ಈ ಹುಡುಗಿ ಬಾಯಿಗೆ ಬೀಗ ಇಲ್ಲ, ಹುಳಿಗೆ ಉಪ್ಪು ಜಾಸ್ತಿ ಆದ್ರೆ ಎದುರಿಗೇ ಹೇಳ್ತಾಳೆ. ಇಂಥೋಳು ನಂಗೋಸ್ಕರ ತನ್ನ ಮೇಲೆ ತಾನೇ ಸುಳ್ಳು ಹೇಳ್ಕೊಂಡ್ಳಲ್ಲಾ ಅಂತ. ನಾನು ಅಷ್ಟು ಅಮಂಗಳ ಆಗಿದ್ರೆ ಯಾರಾದ್ರೂ ಹಾಗ್ ಮಾಡ್ತಾರೇನೇ?"

ಕಿಟಕಿಯ ಆಚೆ ನೋಡಿದೆ. ಪ್ರತಿ ಆಟೋಗೂ ಬಾಳೆಕಂದು ಕಟ್ಟಿದ್ದರು, ರಸ್ತೆಯ ತುಂಬ ಒಡೆದ ಕುಂಬಳಕಾಯಿ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ವಿಷಯ ಹೊಳೆಯಿತು.

"ಮತ್ತೆ ಜಡೆ? ಕೂದಲಲ್ಲ ಅಂತ ಅವತ್ತೇ ಗೊತ್ತಿತ್ತಲ್ಲ. ವರ್ಷವೆಲ್ಲ ಯಾಕೆ ಹಾಕಿದ್ರಿ?"

ಅತ್ತೆ ನನ್ನ ಕಡೆ ತಿರುಗಿದರು. ಇಷ್ಟು ಓದಿಯೂ ಇವಳಿಗೆ ಇದು ತಿಳಿಯಲಿಲ್ಲವಲ್ಲ ಎಂಬ ಮುಖ.

"ನಿನ್ನ ಮೆಷಿನ್‌ಗೆ ಅಂದ್ಕೊಂಡ್ಯಾ? ನಿನ್ನನ್ನ ಮುಟ್ಟಕ್ಕೆ ನಂಗೂ ಒಂದು ನೆಪ ಬೇಕಿತ್ತು ಕಣೇ."

ಹಾಗೆಂದು ನನ್ನ ಕಿವಿಯ ಹತ್ತಿರ ಹೊರಬಂದಿದ್ದ ಒಂದು ಎಳೆಯನ್ನು ಹಿಂದಕ್ಕೆ ತಳ್ಳಿದರು. ಬಸ್ಸು ಹತ್ತಿದ ಮೈಲಿಗೆಗೆ ಮನೆಗೆ ಹೋದ ತಕ್ಷಣ ಅವರು ಸ್ನಾನ ಮಾಡಲೇಬೇಕಿತ್ತು, ಮಾಡಿದರು ಕೂಡ. ಆದರೆ ಗಾಂಧಿಬಜಾರಿನ ಸ್ಟಾಪು ಬರುವವರೆಗೂ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು.